ಮಸ್ಟಾಂಗ್ ನೋಡುವ ಮೊದಲು ಶೆಡ್ ತೋರಿಸು ಅಳಿಯ

ಹಾಂ, ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಲು ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕೆಲಸ ಮಾಡ್ತಾ ಕೇಳಿ.

ಅಳಿಯ, ಅಂದರೆ ಅಕ್ಕನ ಮಗ, ನಿನ್ನೆ ರಾತ್ರಿ ನಮ್ಮ ಗ್ರೂಪಿನಲ್ಲಿ ಒಂದು ಕೆಂಪು ಕಾರಿನ ಫೋಟೋ ಹಾಕಿದ್ದಾನೆ. 2017ರ ಫೋರ್ಡ್ ಮಸ್ಟಾಂಗ್ ಜಿಟಿ, ಕೊಚ್ಚಿಯ ಕಾರು, ಓಡಿದ್ದು ಬರೀ 14 ಸಾವಿರ ಕಿಲೋಮೀಟರ್. ಸೆಕೆಂಡ್ ಹ್ಯಾಂಡಿನಲ್ಲಿ ತಗೊಳ್ಳುತ್ತಾನಂತೆ, ಆದಿತ್ಯವಾರ ಓಡಿಸಲಿಕ್ಕೆ. ಕೆಳಗೆ ಅಕ್ಕ ಕೇಳಿದ್ದಾಳೆ, ಹಿಂದೆ ಕಾಲು ಇಡಲು ಜಾಗವಿಲ್ಲದ ಕಾರು ಎಂತಕ್ಕೆ ಅಂತ. ಅಕ್ಕಾ, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಇಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗುವ ಸದ್ದು ಕೇಳಿದವರಿಗೆ ಆ ಪ್ರಶ್ನೆ ಬರುವುದೇ ಇಲ್ಲ. ಶಾರ್ಜಾದ ವರ್ಕ್‌ಶಾಪಿನಲ್ಲಿ ಅಷ್ಟು ವರ್ಷ ಅದನ್ನೇ ಕೇಳಿದವನು ನಾನು.

ಅಳಿಯಾ, ನೀನು ಓಡಿದ್ದು ಕಡಿಮೆ ಅಂತ ಖುಷಿಯಲ್ಲಿದ್ದೀಯಲ್ಲ, ನನಗೆ ಹೆದರಿಕೆ ಇರುವುದೇ ಅಲ್ಲಿ. ಇಷ್ಟು ವರ್ಷದಲ್ಲಿ 14 ಸಾವಿರ ಅಂದರೆ ಆ ಕಾರು ನಿಂತದ್ದೇ ಜಾಸ್ತಿ. ಎಲ್ಲಿ ನಿಂತಿತ್ತು? ಮೊದಲು ಅದನ್ನು ಕೇಳು. 2018ರ ಆಗಸ್ಟ್‌ನಲ್ಲಿ ಕೊಚ್ಚಿ ಹತ್ತಿರದ ಆಲುವಾ ಕಡೆ ನೆರೆ ಬಂದದ್ದು ನೆನಪುಂಟಲ್ಲ? ನಾಲ್ಕೂ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡು, ಕೆಸರಿನ ಗೆರೆ ಉಂಟಾ ಅಂತ. ಕಾರ್ಪೆಟ್ ಎತ್ತಿ ಮೂಸಿ ನೋಡು. ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದ್ದರೆ ಅಲ್ಲಿಂದಲೇ ವಾಪಸ್ ಬಾ, ರೇಟು ಕೂಡ ಕೇಳಬೇಡ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಅಂತ ಇದ್ದರೆ 2017ರ 23ನೇ ವಾರದ ಟಯರ್. ಮೇಲಿನ ಅಚ್ಚು ಸವೆಯದೆ ಚೆನ್ನಾಗಿ ಕಂಡರೂ, ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ. ಹಿಂದಿನ ಚಕ್ರಕ್ಕೆ 400 ಕುದುರೆ ತಳ್ಳುವ ಕಾರಿಗೆ, ಅದೂ ನಮ್ಮ ಮಳೆಯಲ್ಲಿ, ಅಂಥ ಟಯರ್ ಸಾಕಾಗುವುದಿಲ್ಲ ಮಾರಾಯ. ನಾಲ್ಕೂ 19 ಇಂಚಿನ ಹೊಸ ಟಯರಿನ ದುಡ್ಡು ಸೇರಿಸಿಯೇ ರೇಟು ಮಾತಾಡು. ಹಿಂದಿನ ಎರಡು ಮಾತ್ರ ಹೊಸತಾಗಿದ್ದರೆ ಇನ್ನೊಂದು ಸಂಶಯ. ಹೊಗೆ ಎಬ್ಬಿಸಿ ವಿಡಿಯೋ ಮಾಡುವವರ ಕೈಯಲ್ಲಿ ಇತ್ತೋ ಏನೋ.

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು, ಬಿಸಿ ಇದ್ದರೆ ಕೆಲವು ತೊಂದರೆ ಗೊತ್ತಾಗುವುದಿಲ್ಲ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡು. ಬಿಸಿ ಇದ್ದರೆ, ಚಾ ಕುಡಿದು ಬರುತ್ತೇನೆ ಅಂತ ಹೇಳಿ ಮೂರು ಗಂಟೆ ಬಿಟ್ಟು ಹೋಗು.

ಪಾರ್ಟ್ಸ್ ವಿಷಯ. ಇಲ್ಲಿ ಕಾರು ಮಾಡುವುದು ನಿಲ್ಲಿಸುತ್ತೇವೆ ಅಂತ ಫೋರ್ಡ್ 2021ರಲ್ಲೇ ಹೇಳಿತು, ಇದಂತೂ ಮೊದಲೇ ಹೊರಗಿನಿಂದ ಬಂದ ಕಾರು. "ಮಾವ ಇದ್ದಾರೆ, ಗಲ್ಫಿನಿಂದ ತರಿಸುತ್ತಾರೆ" ಅಂತ ನೀನು ಲೆಕ್ಕ ಹಾಕಿರಬಹುದು. ಇಂಜಿನ್ ಸಾಮಾನು ತರಿಸೋಣ. ಆದರೆ ಆ ಕಡೆಯ ಮಸ್ಟಾಂಗ್ ಎಲ್ಲಾ ಎಡಗಡೆ ಸ್ಟೇರಿಂಗಿನದ್ದು. ಫ್ಯಾಕ್ಟರಿಯಲ್ಲೇ ಬಲಗಡೆ ಸ್ಟೇರಿಂಗ್ ಇಟ್ಟು ಮಾಡಿದ್ದು ಈ ಆರನೇ ತಲೆಮಾರಿನಿಂದ. ಹಾಗಾಗಿ ಸ್ಟೇರಿಂಗ್ ರ‍್ಯಾಕ್, ಡ್ಯಾಶ್‌ಬೋರ್ಡ್, ಹೆಡ್‌ಲೈಟ್ ಅಲ್ಲಿಂದ ತಂದರೆ ಇಲ್ಲಿಗೆ ಆಗುವುದಿಲ್ಲ. ಒಂದು ಹೆಡ್‌ಲೈಟ್ ಒಡೆದರೂ ಕಾಯಬೇಕು.

ಕಾಗದಪತ್ರ ದೊಡ್ಡ ವಿಷಯವಲ್ಲ, ದುಡ್ಡಿನ ವಿಷಯ. ಕೇರಳದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಸಾಲ ಇದ್ದರೆ ಬ್ಯಾಂಕಿನದ್ದೂ. ಆಮೇಲೆ ನಮ್ಮ ಮಂಗಳೂರಿನ ಕೆಎ 19 ನಂಬರ್ ಬೇಕಾದರೆ ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೇಲಿನ ಹೊಸ ಕಾರಿಗೆ 18 ಪರ್ಸೆಂಟ್, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಆಗುತ್ತದೆ, ಆದರೂ ಲಕ್ಷದ ಲೆಕ್ಕವೇ.

ಈಗ ಹೇಳು, ತಂದು ಎಲ್ಲಿ ನಿಲ್ಲಿಸುತ್ತೀ? ನಿಮ್ಮ ಮನೆಯ ತಗಡಿನ ಶೆಡ್ಡಿನಲ್ಲಾ? ನನ್ನ ಕಥೆ ಅಕ್ಕನಿಗೆ ಗೊತ್ತುಂಟು. ಊರಿಗೆ ಬಂದ ಹೊಸದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೆ. ಮಳೆಗಾಲದಲ್ಲಿ ಮಗಳ ಮನೆಗೆ ಅಂತ ಮೂರು ತಿಂಗಳು ಹೋದೆ. ಹ್ಯಾಂಡ್‌ಬ್ರೇಕ್ ಎಳೆದು, ಚಂದ ಮಾಡಿ ಕವರ್ ಹಾಕಿ, ಶೆಡ್ಡಿನಲ್ಲಿ ಬಿಟ್ಟಿದ್ದೆ. ಆಟಿ ತಿಂಗಳು ಮುಗಿಸಿ ಬಂದು ಕವರ್ ತೆಗೆದರೆ ಸ್ಟೇರಿಂಗ್ ಮೇಲೆ ಬಿಳಿ ಬೂಸ್ಟು. ಹಿಂದಿನ ಬ್ರೇಕ್ ಹಿಡಿದು ಕೂತಿದೆ. ಬ್ಯಾಟರಿ ಸತ್ತಿದೆ. ಇಲಿ ವೈರ್ ತಿಂದು ಇಂಜಿನ್ ಮೇಲೆ ಸಂಸಾರ ಮಾಡಿದೆ! ಕಾರು ರಿಪೇರಿಯಲ್ಲೇ ಕೂದಲು ಬೆಳ್ಳಗಾದ ನಾನು ಹಾಗೆ ಮಾಡಿದ್ದು. ಕವರಿನೊಳಗೆ ಹಸಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮರಳುಗಾಡಿನಲ್ಲಿ ಯಾರು ಕಲಿಸುತ್ತಾರೆ?

ಅದಕ್ಕೇ ಹೇಳುವುದು, ಗೋಡೆ, ಶಟರ್, ಗಾಳಿಯಾಡಲು ಜಾಲಿ, ಬ್ಯಾಟರಿಗೆ ಚಾರ್ಜರ್ ಹಾಕಲು ಒಂದು ಪ್ಲಗ್ ಇರುವ ಜಾಗ ಇದ್ದರೆ ಮಾತ್ರ ತಾ. ಪೆಟ್ರೋಲಿನಲ್ಲಿ ಈಗ 20 ಪರ್ಸೆಂಟ್ ಎಥನಾಲ್, ಅದು ನೀರು ಎಳೆಯುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು. ಮಳೆಗಾಲದಲ್ಲೂ ಹೊಳವಾದ ದಿನ ಕುಂದಾಪುರದವರೆಗಾದರೂ ಓಡಿಸಬೇಕು. ಮರವಂತೆಗೆ ಹೋಗು, ಬೇಡ ಅನ್ನುವುದಿಲ್ಲ. ಆದರೆ ಕಡಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದ ದಿನ, ಮನೆಗೆ ಬಂದು ಕಾರಿನ ಅಡಿಗೆ ಸಿಹಿನೀರು ಹೊಡೆಯಬೇಕು. ಆಗುಂಬೆಯ 14 ತಿರುವಿಗೆ ಅದನ್ನು ಒಯ್ಯಬೇಡ, ಆ ಉದ್ದ ಮೂತಿಗೆ ಅಲ್ಲಿ ಸುಖವಿಲ್ಲ.

ಹಾಂ, ನಿಮ್ಮ ಗೇಟಿನ ಇಳಿಜಾರು! ಕಾರಿನ ಅಡಿಗೆ 13 ಸೆಂಟಿಮೀಟರ್ ಚಿಲ್ಲರೆ ಮಾತ್ರ ಜಾಗ. ನನ್ನ ಸ್ವಿಫ್ಟೇ ಅಲ್ಲಿ ಎರಡು ಸಲ ಉಜ್ಜಿದೆ. ಕಾಂಕ್ರೀಟ್ ಹಾಕಿ ಇಳಿಜಾರು ಉದ್ದ ಮಾಡಿಸಬೇಕಾದೀತು, ಅದಕ್ಕೆ ಅಕ್ಕನ ಪರ್ಮಿಶನ್ ಬೇರೆ.

ಶನಿವಾರ ಟೇಪ್ ಹಿಡಿದುಕೊಂಡು ಬರುತ್ತೇನೆ. ಜಾಗ ಸರಿ ಉಂಟು ಅಂತಾದರೆ ಎರ್ನಾಕುಲಂಗೆ ರಾತ್ರಿ ಟ್ರೈನಿಗೆ ಇಬ್ಬರಿಗೂ ಟಿಕೆಟ್ ಮಾಡು. ನನಗೆ ಲೋವರ್ ಬರ್ತ್. ಅಕ್ಕಾ, ಶನಿವಾರ ಪತ್ರೊಡೆ ಇರುತ್ತದಲ್ಲ?