ಡಾಕ್ಟ್ರನ್ನ ಕೇಳಿ: ನಾಯಿ ಕಚ್ಚಿದರೆ, ಕುರಿ ಸತ್ತರೆ, ಹಸು ಪಕ್ಕದ ತೋಟಕ್ಕೆ ನುಗ್ಗಿದರೆ

ಈ ವಾರ ನಮ್ಮ ರೈತರ ಗುಂಪಿಗೆ ಬಂದ ಪ್ರಶ್ನೆಗಳಲ್ಲಿ ಕಾಯಿಲೆಗಿಂತ ಕಾನೂನಿನವೇ ಜಾಸ್ತಿ. ಪಶುವೈದ್ಯರು ಒಂದೊಂದಾಗಿ ಉತ್ತರ ಕೊಟ್ಟಿದ್ದಾರೆ. ಪ್ರಶ್ನೆ ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಚಿಂತಾಮಣಿಯಿಂದ: ನಮಸ್ತೆ ಡಾಕ್ಟ್ರೇ. ನಮ್ಮನೆ ನಾಯಿ ನಿನ್ನೆ ಸಾಯಂಕಾಲ ಪಕ್ಕದ ಮನೆ ಹುಡುಗನ ಮೀನಖಂಡಕ್ಕೆ ಕಚ್ಚಿತು. ಚೆಂಡು ತೆಗೆದುಕೊಳ್ಳೋಕೆ ಕಾಂಪೌಂಡ್ ಒಳಗೆ ಬಂದಿದ್ದ. ಸ್ವಲ್ಪ ರಕ್ತ ಬಂತು. ಅವರ ಅಜ್ಜಿ ಅರಿಶಿನ, ಸುಣ್ಣ ಕಲಸಿ ಹಚ್ಚಿದ್ದಾರೆ. ಹುಡುಗನ ಅಪ್ಪ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ, ನಾಯೀನ ಹೊಡೆದು ಹಾಕ್ತೀನಿ ಅಂತ ಕೂಗಾಡ್ತಿದ್ದಾರೆ. ಏನು ಮಾಡಲಿ?

ಡಾಕ್ಟರ್: ಅಣ್ಣಾ, ಪೊಲೀಸ್ ವಿಷಯ ಆಮೇಲೆ. ಮೊದಲು ಹುಡುಗನ ಕಾಲು. ಆ ಅರಿಶಿನ, ಸುಣ್ಣ ಎಲ್ಲ ಈಗಲೇ ತೊಳೆಸಿ. ನಲ್ಲಿ ಬಿಟ್ಟು, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು. ಗಡಿಯಾರ ನೋಡಿಕೊಂಡೇ ತೊಳೀರಿ, ಎರಡು ನಿಮಿಷಕ್ಕೇ ಸಾಕು ಅನ್ನಿಸಿಬಿಡುತ್ತೆ. ಕಾಫಿಪುಡಿ, ಖಾರದಪುಡಿ, ಎಲೆಯ ರಸ, ಯಾವುದೂ ಬೇಡ. ಬಟ್ಟೆ ಬಿಗಿಯಾಗಿ ಕಟ್ಟಬೇಡಿ.

ಆಮೇಲೆ ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀವೇ ಹೋಗಿ, ಅವರು ಹೋಗಲಿ ಅಂತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ದುಡ್ಡಿಲ್ಲದೆ ಹಾಕುತ್ತಾರೆ. ರಕ್ತ ಬಂದಿರುವುದರಿಂದ ಲಸಿಕೆ ಒಂದೇ ಸಾಲದು. ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಇಂಜೆಕ್ಷನ್ ಕೂಡ ಬೇಕು. ಹೆಸರು ಹೇಳಿಯೇ ಕೇಳಿ. ಲಸಿಕೆ ಚರ್ಮದೊಳಗೆ ಹಾಕಿದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಹಾಕಿದರೆ 14ನೇ ದಿನವೂ ಒಂದು ಇರುತ್ತೆ. ಗಾಯ ಮಾಯಿತು ಅಂತ ಕೊನೆಯದನ್ನು ಬಿಡೋರು ಬಹಳ ಜನ. ದಯವಿಟ್ಟು ಬಿಡಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳೋಕೆ ಔಷಧಿ ಇಲ್ಲ.

ಇನ್ನು ನಾಯಿ. ಓಡಿಸಬೇಡಿ, ಯಾರೂ ಹೊಡೆಯಬಾರದು. ಮನೆಯಲ್ಲೇ ಕಟ್ಟಿಹಾಕಿ 10 ದಿನ ಗಮನಿಸಿ. ಅನ್ನ, ನೀರು ದೂರದಿಂದ ತಳ್ಳಿ. ಊಟ ಬಿಟ್ಟರೆ, ಜೊಲ್ಲು ಸುರಿದರೆ, ಬೊಗಳುವ ದನಿ ಬದಲಾದರೆ, ಹಿಂಗಾಲು ತೂರಾಡಿದರೆ ತಕ್ಷಣ ನನಗೆ ಫೋನ್ ಮಾಡಿ. ನಾಯೀನ ಹೊಡೆದು ಸಾಯಿಸಿಬಿಟ್ಟರೆ ಅದಕ್ಕೆ ರೋಗ ಇತ್ತೋ ಇಲ್ಲವೋ ಅಂತ ಹತ್ತು ದಿನ ಗಮನಿಸಿ ತಿಳಿಯೋ ದಾರಿ ಮುಚ್ಚಿಹೋಗುತ್ತೆ. ಹತ್ತು ದಿನ ಆಗಲಿ ಅಂತ ಹುಡುಗನ ಲಸಿಕೆ ಮಾತ್ರ ನಿಲ್ಲಿಸಬೇಡಿ.

ಕಾನೂನು ಕೇಳಿದಿರಿ, ಹೇಳ್ತೀನಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾಯೀನ ಬೇಕಂತ ಕೊಂದರೆ ಅದೂ ಅಪರಾಧ, 325ನೇ ಕಲಂ. ಇದನ್ನ ಪಕ್ಕದ ಮನೆಯವರ ಮುಂದೆ ವಾದಕ್ಕೆ ಇಡಬೇಡಿ. ಮಗುವಿಗೆ ಕಚ್ಚಿದ ಸಿಟ್ಟಲ್ಲಿದ್ದಾರೆ, ಸಹಜ ಅಲ್ವಾ. ನೀವು ಮಗುವಿನ ಜೊತೆ ಆಸ್ಪತ್ರೆಯಲ್ಲಿ ನಿಂತರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ನಾಯಿಯ ಲಸಿಕೆ ಕಾರ್ಡ್ ಇದೆಯಾ?

ಚಿಂತಾಮಣಿಯಿಂದ: ಕಾರ್ಡ್ ಇಲ್ಲ ಡಾಕ್ಟ್ರೇ. ಮರಿ ಇದ್ದಾಗ ಒಂದು ಇಂಜೆಕ್ಷನ್ ಹಾಕಿಸಿದ್ವಿ. ಈಗ ಎರಡು ವರ್ಷದ್ದು.

ಡಾಕ್ಟರ್: ಅದು ಲೆಕ್ಕಕ್ಕೆ ಬರಲ್ಲ ಅಣ್ಣಾ. ಮೂರು ತಿಂಗಳಿಗೆ ಮೊದಲನೆಯದು, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಪ್ರತಿ ವರ್ಷ ಒಂದು. ಹತ್ತು ದಿನ ಕಳೆದು ನಾಯಿ ಚೆನ್ನಾಗಿದ್ದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ಲಸಿಕೆ ಹಾಕಿ ಕಾರ್ಡ್ ಬರೆದುಕೊಡುತ್ತಾರೆ. ಪ್ರತಿ ವರ್ಷ ಸೆಪ್ಟೆಂಬರ್ 28ರ ರೇಬಿಸ್ ದಿನದ ಸುತ್ತಮುತ್ತ ಉಚಿತ ಲಸಿಕೆ ಶಿಬಿರಗಳೂ ನಡೆಯುತ್ತವೆ. ಗೇಟಿಗೆ ಚಿಲಕ ಹಾಕಿಸಿ. ಹಾಗಂತ ಇಪ್ಪತ್ನಾಲ್ಕು ಗಂಟೆ ಸರಪಳಿಯಲ್ಲೇ ಬಿಗಿಯಬೇಡಿ. ಸದಾ ಕಟ್ಟಿಹಾಕಿದ ನಾಯೀನ ಓಡಾಡಿಸದೆ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ತಪ್ಪು. ಕಟ್ಟಿಯೇ ಬೆಳೆದ ನಾಯಿ ಕಚ್ಚೋದೂ ಜಾಸ್ತಿ.

ಪಾವಗಡದಿಂದ: ಸರ್, ರಾತ್ರಿ ಚೆನ್ನಾಗಿದ್ದ ನಾಲ್ಕು ಕುರಿ ಬೆಳಗ್ಗೆ ರೊಪ್ಪದಲ್ಲಿ ಸತ್ತುಬಿದ್ದಿವೆ. ಮೂಗಲ್ಲಿ, ಹಿಂದುಗಡೆ ಕಪ್ಪು ರಕ್ತ ಬಂದಿದೆ, ಹೆಪ್ಪುಗಟ್ಟಿಲ್ಲ. ಹೊಟ್ಟೆ ಊದಿದೆ. ಊರಲ್ಲಿ ಕೆಲವರು ಕೊಯ್ದು ಪಾಲು ಹಾಕಿಕೊಳ್ಳೋಣ ಅಂತಿದ್ದಾರೆ. ಚರ್ಮಕ್ಕಾದರೂ ನಾಲ್ಕು ಕಾಸು ಸಿಗುತ್ತೆ ಅಂತ.

ಡಾಕ್ಟರ್: ಚಾಕು ಮುಟ್ಟಿಸಬೇಡಿ! ಈ ಮೆಸೇಜ್ ಓದಿದ ತಕ್ಷಣ ಅವರಿಗೆ ಹೇಳಿ. ನೀವು ಹೇಳುವ ಲಕ್ಷಣ ನೋಡಿದರೆ ನೆರಡಿ ಇರಬಹುದು, ಅದೇ ಅಂಥ್ರಾಕ್ಸ್. ಕುರಿಯಿಂದ ಮನುಷ್ಯನಿಗೂ ಬರುತ್ತೆ. ಹೆಣ ಮುಚ್ಚಿಕೊಂಡಿದ್ದಷ್ಟು ಹೊತ್ತು ರೋಗಾಣು ಒಳಗೇ ಕೊಳೆತು ಸಾಯುತ್ತೆ. ಕೊಯ್ದು ಗಾಳಿ ತಾಗಿದರೆ ಗಟ್ಟಿ ಕವಚ ಕಟ್ಟಿಕೊಂಡು ಆ ಮಣ್ಣಲ್ಲಿ ಹತ್ತಾರು ವರ್ಷ ಉಳಿಯುತ್ತೆ. ಮುಂದೆ ಅಲ್ಲಿ ಮೇಯೋ ದನ, ಕುರಿಗೆ ಅದೇ ಮಣ್ಣಿಂದ ಅಂಟುತ್ತೆ.

ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ, ಸಿಗದಿದ್ದರೆ 1962 ಸಹಾಯವಾಣಿಗೆ ಮಾಡಿ. ಅವರು ಬಂದು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಪರೀಕ್ಷೆ ಮಾಡುತ್ತಾರೆ. ಅನುಮಾನ ಇರುವಾಗ ಪೋಸ್ಟ್‌ಮಾರ್ಟಂ ಮಾಡುವುದಿಲ್ಲ, ಮಾಡಿ ಅಂತ ನೀವೂ ಹಟ ಹಿಡಿಯಬೇಡಿ. ಆಮೇಲೆ ಕೆರೆ, ಬಾವಿಯಿಂದ ದೂರ ಆರಡಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ನಾಯಿ ಕೆದಕದ ಹಾಗೆ ಮೇಲೆ ಕಲ್ಲು, ಮುಳ್ಳು ಹೇರಿ. ರಕ್ತ ಬಿದ್ದ ಮಣ್ಣನ್ನೂ ಕೆರೆದು ಅದೇ ಗುಂಡಿಗೆ ಹಾಕಿ.

ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಇಂಥ ಅಂಟುರೋಗದ ಅನುಮಾನ ಬಂದರೆ ಪಂಚಾಯಿತಿಗೋ ಪಶುವೈದ್ಯರಿಗೋ ತಿಳಿಸಬೇಕು ಅಂತ 2009ರ ಕೇಂದ್ರ ಕಾಯ್ದೆ ಮಾಲೀಕರಿಗೇ ಹೊಣೆ ಹೊರಿಸಿದೆ. ತಿಳಿಸಿದರೆ ನಿಮಗೇ ಲಾಭ. ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಸತ್ತ ದೊಡ್ಡ ಕುರಿಗೆ ಪರಿಹಾರವಿದೆ. 2025-26ರ ಬಜೆಟ್‌ನಲ್ಲಿ ಅದನ್ನು 7,500 ರೂಪಾಯಿಗೆ ಏರಿಸಿದರು. ಡಾಕ್ಟರು ಬಂದು ನೋಡಿ ಬರೆದುಕೊಡದೆ ಅದು ಸಿಗಲ್ಲ. ಹೂತ ಮೇಲೆ ಫೋನ್ ಮಾಡಿದರೆ ಬರೆಯೋಕೆ ನಮಗೆ ಕೈಯೇ ಬರಲ್ಲ. ನಾಲ್ಕು ಚರ್ಮಕ್ಕೆ ಏನು ಸಿಗುತ್ತೆ ಹೇಳಿ.

ಪಾವಗಡದಿಂದ: ಡಾಕ್ಟ್ರು ಬಂದು ನೋಡಿದರು ಸರ್, ಹೂತೂ ಆಯ್ತು. ಹೆಣ ಎಳೆದ ನನ್ನ ತಮ್ಮನಿಗೆ ಏನಾದರೂ ಆಗುತ್ತಾ? ಉಳಿದ ಕುರಿ ಈ ಸೋಮವಾರದ ಸಂತೆಗೆ ಹೊಡೆಯಬಹುದಾ?

ಡಾಕ್ಟರ್: ನಿಮ್ಮ ತಮ್ಮ ಕೈಕಾಲು ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಲಿ, ಬಟ್ಟೆ ಕುದಿಯುವ ನೀರಲ್ಲಿ ಅದ್ದಲಿ. ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಣ ಮುಟ್ಟಿದ್ದೆ ಅಂತ ಹೇಳಲಿ. ತುರಿಕೆಯ ಗುಳ್ಳೆ ಎದ್ದು ನಡುವೆ ಕಪ್ಪಾದರೆ ಒಂದು ಗಂಟೆಯೂ ಕಾಯಬಾರದು. ಬೇಗ ಹೋದರೆ ವಾಸಿಯಾಗುತ್ತೆ. ಸಂತೆಗೆ ಬೇಡವೇ ಬೇಡ. ಫಲಿತಾಂಶ ಬಂದು, ಲಸಿಕೆ ಹಾಕಿ, ಡಾಕ್ಟರು ಹೂಂ ಅನ್ನೋವರೆಗೂ ಹಿಂಡು ಊರು ದಾಟಬಾರದು.

ಶ್ರೀನಿವಾಸಪುರದಿಂದ: ನಮ್ಮ ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ಟೊಮೆಟೊ ತೋಟಕ್ಕೆ ನುಗ್ಗಿದೆ. ಅವರು ತಮ್ಮ ಮನೆ ಹತ್ರ ಕಟ್ಟಿಕೊಂಡು, ಹತ್ತು ಸಾವಿರ ಇಟ್ಟು ಬಿಡಿಸಿಕೊಂಡು ಹೋಗಿ ಅಂತಾರೆ. ಕರೆಯೋ ಹಸು ಮೇಡಂ.

ಡಾಕ್ಟರ್: ಅಮ್ಮಾ, ನಾನು ಮೇಡಂ ಅಲ್ಲ, ಸರ್, ಪರವಾಗಿಲ್ಲ. ಬೆಳೆ ಹಾಳಾದರೆ ನಷ್ಟ ಕಟ್ಟಿಕೊಡೋ ಹೊಣೆ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಟೊಮೆಟೊಗೆ ರೇಟು ಇರೋ ಕಾಲದಲ್ಲಿ ಒಂದು ಸಾಲು ಹೋದರೂ ಅವರಿಗೆ ಸಂಕಟ ಆಗುತ್ತೆ. ಆದರೆ ಹಸುವನ್ನು ಒತ್ತೆ ಇಟ್ಟುಕೊಂಡು ಅವರೇ ದಂಡ ಹಾಕುವ ಹಾಗಿಲ್ಲ. ನುಗ್ಗಿದ ದನವನ್ನು ದೊಡ್ಡಿಗೆ, ಅಂದ್ರೆ ಇಂಥ ದನಗಳನ್ನು ಕೂಡಿಹಾಕೋಕೆ ಊರಲ್ಲಿ ಇರುವ ಜಾಗಕ್ಕೆ, ಒಪ್ಪಿಸಬೇಕು. ಎಷ್ಟೋ ಊರಲ್ಲಿ ದೊಡ್ಡಿಯ ಗೋಡೆ ಮಾತ್ರ ಉಳಿದಿದೆ, ಹಾಗಾಗಿ ಪಂಚಾಯಿತಿಗೆ ಹೋಗಿ. ಪಿಡಿಒ ಮತ್ತು ಊರಿನ ಇಬ್ಬರು ಹಿರಿಯರ ಮುಂದೆ ಎಷ್ಟು ಗಿಡ ಹೋಗಿದೆ ಅಂತ ಎಣಿಸಿ, ಫೋಟೋ ತೆಗೆದು, ಬರೆದು ಸಹಿ ಹಾಕಿ ದುಡ್ಡು ಕೊಡಿ. ಅಷ್ಟರವರೆಗೆ ಹಾಲು ಕರೆಯೋಕೆ ಬಿಡಿ ಅಂತ ಕೇಳಿ. ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬಂದು ಇಬ್ಬರಿಗೂ ನಷ್ಟ.

ಕೋಲಾರದಿಂದ: ಅದೇ ಕೆಚ್ಚಲು ಬಾವಿನ ಬಗ್ಗೆ. ಹಸುವಿನ ಒಂದು ಮೊಲೆತೊಟ್ಟಿಗೆ ಔಷಧಿಯ ಟ್ಯೂಬ್ ಏರಿಸಿದ್ದಾರೆ. ಉಳಿದ ಮೂರರ ಹಾಲು ಡೇರಿಗೆ ಹಾಕಬಹುದಾ?

ಡಾಕ್ಟರ್: ಹಾಕಬೇಡಿ. ಔಷಧಿ ರಕ್ತದ ಮೂಲಕ ನಾಲ್ಕೂ ತೊಟ್ಟಿಗೆ ಇಳಿಯುತ್ತೆ. ಎಷ್ಟು ದಿನ ಬಿಡಬೇಕು ಅಂತ ಟ್ಯೂಬಿನ ಪೊಟ್ಟಣದ ಮೇಲೇ ಬರೆದಿರುತ್ತೆ, ಹಾಕಿದ ಡಾಕ್ಟರನ್ನೂ ಕೇಳಿ. ನಿಮ್ಮ ಒಂದು ಕ್ಯಾನ್ ಬೆರೆತರೆ ಇಡೀ ಊರಿನ ಹಾಲು ಕೆಡುತ್ತೆ, ಆ ಹಾಲು ಮಕ್ಕಳೂ ಕುಡಿಯುತ್ತಾರೆ. ಇನ್ನೊಂದು ಮಾತು. ಹಾಲು ಇಳಿಸೋಕೆ ದಿನಾ ಇಂಜೆಕ್ಷನ್ ಚುಚ್ಚುವವರು ಈ ಗುಂಪಿನಲ್ಲಿದ್ದರೆ ಇವತ್ತೇ ನಿಲ್ಲಿಸಿ. ಅದು ಜೈಲಿಗೆ ಹಾಕುವಂಥ ಅಪರಾಧ.

ಗೌರಿಬಿದನೂರಿನಿಂದ: ಮಗಳು ಗಿಳಿ ಸಾಕಬೇಕು ಅಂತಾಳೆ. ಹೊಲದಲ್ಲಿ ನಕ್ಷತ್ರ ಆಮೆ ಕೂಡ ಸಿಕ್ಕಿದೆ.

ಡಾಕ್ಟರ್: ಎರಡೂ ಬೇಡ. ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನಕ್ಷತ್ರ ಆಮೆಗೆ ಹುಲಿಗೆ ಇರುವಷ್ಟೇ ರಕ್ಷಣೆ ಇದೆ, ಅದು ಮೊದಲನೇ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಒಪ್ಪಿಸಿ. ದುಡ್ಡು ಕೊಡ್ತೀನಿ ಅಂತ ಯಾರಾದರೂ ಹುಡುಕಿಕೊಂಡು ಬಂದರೆ ಅದನ್ನೂ ತಿಳಿಸಿ.

ಮುಳಬಾಗಿಲಿನಿಂದ: ಆವಣಿ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ತರಬೇಕು ಅಂತಿದ್ದೀನಿ. ದಾರಿಯಲ್ಲಿ ಗಾಡಿ ತಡೆದರೆ?

ಡಾಕ್ಟರ್: ಕಾಗದ ಇದ್ದರೆ ಹೆದರಬೇಡಿ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ದನ ಸಾಗಿಸುವಾಗ ಕೇಳೋರು ಜಾಸ್ತಿ. ಉಳುಮೆಗೆ, ಸಾಕೋಕೆ ಸಾಗಿಸಲು ಕಾನೂನಿನಲ್ಲೇ ದಾರಿ ಇದೆ. ಮಾರಿದವರ ಸಹಿ ಇರುವ ಚೀಟಿ, ಪಶುವೈದ್ಯರ ಆರೋಗ್ಯ ಪತ್ರ, ನಿಮ್ಮ ಆಧಾರ್, ಪಹಣಿ ಜೊತೆಗಿಡಿ. ಲಾರಿಯಲ್ಲಿ ಆರಕ್ಕಿಂತ ಜಾಸ್ತಿ ದನ ತುಂಬುವಂತಿಲ್ಲ. ಬೇರೆಯವರ ದನದ ಜೊತೆ ನಿಮ್ಮ ಎತ್ತನ್ನು ತುರುಕಲು ಒಪ್ಪಬೇಡಿ. ದುಡ್ಡು ಎಣಿಸುವ ಮುಂಚೆ ಎತ್ತಿನ ಕಿವಿ ಓಲೆಯ (ಗುರುತಿನ ಟ್ಯಾಗ್) 12 ಅಂಕಿ ಚೀಟಿಯಲ್ಲಿ ಇರುವುದೂ ಒಂದೇನಾ ನೋಡಿ.

ಮುಳಬಾಗಿಲಿನಿಂದ: ಓಲೆ ಕಿತ್ತುಹೋಗಿದ್ದರೆ?

ಡಾಕ್ಟರ್: ಜಾತ್ರೆಯಲ್ಲೇ ಪಶು ಇಲಾಖೆಯವರು ಇರುತ್ತಾರೆ. ಮಾರುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಹೊಸ ಓಲೆ ಹಾಕಿಸಿ ನಿಮ್ಮ ಹೆಸರಿಗೆ ಬರೆಸಲು ಕೇಳಿ. ಕಾಲುಬಾಯಿ ಲಸಿಕೆ ಆರು ತಿಂಗಳೊಳಗೆ ಆಗಿದೆಯಾ ಅಂತಲೂ ಆಗಲೇ ಗೊತ್ತಾಗುತ್ತೆ. ಆಗಿಲ್ಲದಿದ್ದರೆ ಮನೆಗೆ ತಂದ ಮೇಲೆ ಎರಡು ಮೂರು ವಾರ ನಿಮ್ಮ ಹಸುಗಳಿಂದ ದೂರ, ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ.