ಮನೆಯ ಅಕ್ವೇರಿಯಂನಲ್ಲಿ ಕೋರಿ ಮೀನು ಮರಿ ಮಾಡಿಸುವುದು, ಗಿಡ ಉಳಿಸಿಕೊಳ್ಳುವುದು: ಅನುಭವ ಇರುವವರು ದಯವಿಟ್ಟು ತಿಳಿಸಿ

ಪ್ರಶ್ನೆ (ಮೈಸೂರಿನಿಂದ)

ನಮಸ್ಕಾರ. ನಮ್ಮ ಮನೆಯಲ್ಲಿ ಸುಮಾರು 100 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿಯಿದೆ. ಅದರಲ್ಲಿ ಒಂದೂವರೆ ವರ್ಷದಿಂದ ಆರು ಕಂಚುಬಣ್ಣದ ಕೋರಿಡೋರಾಸ್‌ಗಳನ್ನು, ಅಂದರೆ ಅಂಗಡಿಗಳಲ್ಲಿ ಕೋರಿ ಎಂದು ಕರೆಯುವ ಪುಟ್ಟ ಬೆಕ್ಕುಮೀನುಗಳನ್ನು, ಸಾಕುತ್ತಿದ್ದೇನೆ. ಮೀನುಗಳು ಲವಲವಿಕೆಯಿಂದ ಇವೆಯಾದರೂ ಇದುವರೆಗೆ ಒಮ್ಮೆಯೂ ಮೊಟ್ಟೆ ಇಟ್ಟಿಲ್ಲ. ತಂದು ನೆಟ್ಟ ಗಿಡಗಳು ಎರಡು ವಾರ ಕಳೆಯುವುದರೊಳಗೆ ಎಲೆ ಕರಗಿ ಲೋಳೆಯಾಗುತ್ತವೆ. ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ, ಬೇಸಿಗೆಯಲ್ಲಿ ಅದಕ್ಕೆ ಬೋರ್‌ವೆಲ್ ನೀರೂ ಸೇರುತ್ತದೆ. ಒಬ್ಬ ಅಂಗಡಿಯವರು ಹೀಟರ್ ಹಾಕಿ ಎಂದರು, ಮತ್ತೊಬ್ಬರು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ ಗಿಡ ಬೆಳೆಯುವುದೇ ಇಲ್ಲ ಎಂದರು. ಹಣ ಸುರಿಯುವ ಮೊದಲು, ಮನೆಯಲ್ಲಿ ಇದನ್ನು ಮಾಡಿ ನೋಡಿದವರ ಮಾತು ಕೇಳೋಣ ಎಂದು ಬರೆಯುತ್ತಿದ್ದೇನೆ.

ಉತ್ತರ 1 (ಬೆಂಗಳೂರಿನಿಂದ)

ತಾವು ಹೀಟರ್ ಕೊಳ್ಳಬೇಡಿ. ಕೋರಿಗಳ ವಿಷಯದಲ್ಲಿ ನಮ್ಮ ಊರುಗಳ ತೊಂದರೆ ಚಳಿಯಲ್ಲ, ಸೆಕೆ. ದಕ್ಷಿಣ ಅಮೆರಿಕದ ಹೊಳೆಗಳಿಂದ ಬಂದ ಈ ಮೀನಿಗೆ 22ರಿಂದ 26 ಡಿಗ್ರಿ ಹಿತವಾದ ನೀರು; ಏಪ್ರಿಲ್ ತಿಂಗಳಲ್ಲಿ ನನ್ನ ತೊಟ್ಟಿಯೇ 30 ಮುಟ್ಟುತ್ತದೆ, ಆಗ ಅವು ಮೊಟ್ಟೆಯ ಮಾತಿರಲಿ, ಊಟವನ್ನೂ ಅರ್ಧಕ್ಕೆ ಬಿಡುತ್ತವೆ.

ಮೊದಲು ಮೀನುಗಳನ್ನು ಮೇಲಿನಿಂದ ನೋಡಿ. ಪಕ್ಕದಿಂದ ನೋಡಿದರೆ ಗಂಡು ಹೆಣ್ಣು ಒಂದೇ ತರಹ ಕಾಣುತ್ತವೆ, ಆದರೆ ಮೇಲಿನಿಂದ ಬಗ್ಗಿ ನೋಡಿದಾಗ ಹೆಣ್ಣಿನ ಹೊಟ್ಟೆ ಎರಡೂ ಕಡೆ ಉಬ್ಬಿರುತ್ತದೆ, ಗಂಡು ಸಪೂರವಾಗಿ ನೇರಕ್ಕೆ ಇರುತ್ತದೆ. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಒಳ್ಳೆಯದು. ನಿಮ್ಮ ಆರರಲ್ಲಿ ಆರೂ ಹೆಣ್ಣೇ ಆಗಿದ್ದರೆ ಇಲ್ಲಿ ನಾವು ಹೇಳುವ ಯಾವ ಉಪಾಯವೂ ಕೆಲಸ ಮಾಡದು. ನಾನು ಒಂದು ವರ್ಷ ಐದು ಹೆಣ್ಣುಗಳನ್ನು ಇಟ್ಟುಕೊಂಡು ಮೊಟ್ಟೆಗಾಗಿ ಕಾದವನಾದ್ದರಿಂದ ಇದನ್ನು ಸಂಕೋಚವಿಲ್ಲದೆ ಹೇಳುತ್ತಿದ್ದೇನೆ.

ಎರಡನೆಯದು ಆಹಾರ. ಎರಡು ಮೂರು ವಾರ ಬರೀ ಮುಳುಗುವ ಗುಳಿಗೆಗಳ ಮೇಲೆ ಬಿಡದೆ, ದಿನಕ್ಕೊಮ್ಮೆ ತೊಳೆದು ಸಣ್ಣಗೆ ಕೊಚ್ಚಿದ ಎರೆಹುಳು ಅಥವಾ ಫ್ರೀಜರ್‌ನಲ್ಲಿಟ್ಟ ಬ್ಲಡ್‌ವರ್ಮ್ ಕೊಡಿ. ಕೊಳಚೆ ನೀರಿನಲ್ಲಿ ಬೆಳೆದ ಜೀವಂತ ಟ್ಯುಬಿಫೆಕ್ಸ್ ಹುಳುಗಳನ್ನು ನಾನು ಬಳಸುವುದಿಲ್ಲ, ಅದರಿಂದ ಬಂದ ಹೊಟ್ಟೆಯುಬ್ಬರದಲ್ಲಿ ಎರಡು ಮೀನು ಕಳೆದುಕೊಂಡಿದ್ದೇನೆ. ಹೆಣ್ಣು ಗುಂಡಗಾದ ಮೇಲೆ ಸಂಜೆ ಅರ್ಧದಷ್ಟು ನೀರು ತೆಗೆದು, ತೊಟ್ಟಿಯ ನೀರಿಗಿಂತ ನಾಲ್ಕು ಡಿಗ್ರಿ ತಣ್ಣಗಿರುವ ನೀರನ್ನು ನಿಧಾನವಾಗಿ ತುಂಬಿ. ಹೊಳೆಗೆ ಮಳೆನೀರು ಬಂತು ಎಂದು ಮೀನು ತಿಳಿಯಬೇಕು, ಅಷ್ಟೆ. ಮೊದಲ ಸಲಕ್ಕೆ ಆಗದಿದ್ದರೆ ಮೂರು ದಿನ ಬಿಟ್ಟು ಮತ್ತೆ ಮಾಡಿ.

ಆ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾಳಿಗೆಯ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದ ದಿನ ಯಾರೂ ತಿಳಿಸಿರಲಿಲ್ಲ, ನಾನೂ ಮೂಸಿ ನೋಡದೆ ನೇರವಾಗಿ ನಲ್ಲಿಗೆ ಪೈಪ್ ಹಚ್ಚಿಬಿಟ್ಟೆ. ಬೆಳಿಗ್ಗೆಯ ಹೊತ್ತಿಗೆ ಏಳರಲ್ಲಿ ಎರಡು ಮಾತ್ರ ಉಳಿದಿದ್ದವು. ಅಂದಿನಿಂದ ನೀರಿನ ಕ್ಲೋರಿನ್ ಕಳೆಯುವ ಹೈಪೊ ಹರಳುಗಳ ಡಬ್ಬಿ ತೊಟ್ಟಿಯ ಪಕ್ಕದಲ್ಲೇ ಇರುತ್ತದೆ.

ಮೊಟ್ಟೆ ಇಡುವುದು ನೋಡಲು ಸಿಕ್ಕರೆ ಕೆಲಸ ಬಿಟ್ಟು ಕುಳಿತುಕೊಳ್ಳಿ. ಗಂಡು ಅಡ್ಡಕ್ಕೆ ನಿಲ್ಲುತ್ತದೆ, ಹೆಣ್ಣು ಅದರ ಪಕ್ಕೆಗೆ ಬಾಯಿ ಒತ್ತಿ ಕೆಲವು ಕ್ಷಣ ಅಲುಗಾಡದೆ ಇರುತ್ತದೆ. ಆಮೇಲೆ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ ಹಿಡಿದುಕೊಂಡು, ಗಾಜಿನ ಮೇಲೆ ಒಂದು ಜಾಗವನ್ನು ಬಾಯಿಂದ ಒರೆಸಿ, ಹೊಟ್ಟೆಯನ್ನು ಅಲ್ಲಿಗೆ ಒತ್ತಿ ಅಂಟಿಸಿ ಬರುತ್ತದೆ. ಹೆಣ್ಣು ಗಂಡಿನ ವೀರ್ಯವನ್ನು ನುಂಗಿ, ಅದು ಕರುಳಿನ ಮೂಲಕ ಬೇಗನೆ ಹಾದು ಬಂದು ಬೊಗಸೆಯಲ್ಲಿರುವ ಮೊಟ್ಟೆಗಳನ್ನು ಸೇರುತ್ತದೆ ಎಂದು ಜಪಾನಿನ ಸಂಶೋಧಕರು 1995ರಲ್ಲಿ ಇದೇ ಕಂಚುಬಣ್ಣದ ಕೋರಿಗಳ ಮೇಲೆ ನಡೆಸಿದ ಅಧ್ಯಯನದಿಂದ ತಿಳಿಸಿದ್ದಾರೆ. ಗಂಟೆಗಟ್ಟಲೆ ಈ ಓಡಾಟ ನಡೆಯುತ್ತದೆ.

ಮುಗಿಯಿತೆಂದರೆ ತಂದೆತಾಯಿಗಳೇ ಮೊಟ್ಟೆ ತಿನ್ನಲು ಶುರುಮಾಡುತ್ತವೆ. ಮೊಟ್ಟೆ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಬೆರಳ ತುದಿಯಿಂದ ಉರುಳಿಸಿದರೆ ಒಡೆಯದೆ ಬರುತ್ತದೆ, ಹಳೆಯ ಎಟಿಎಂ ಕಾರ್ಡಿನ ಅಂಚೂ ಆಗುತ್ತದೆ. ಅದೇ ತೊಟ್ಟಿಯ ನೀರು ತುಂಬಿದ ನಾಲ್ಕೈದು ಲೀಟರ್ ಡಬ್ಬದಲ್ಲಿ ಹಾಕಿ, ಏರ್ ಪಂಪಿನ ಕಲ್ಲನ್ನು ಹತ್ತಿರದಲ್ಲಿಟ್ಟು, ನೀರು ತೆಳುನೀಲಿಯಾಗುವಷ್ಟು ಮೆಥಿಲೀನ್ ಬ್ಲೂ, ಅಂದರೆ ಬೂಷ್ಟು ತಡೆಯುವ ನೀಲಿ ಔಷಧಿ, ಬಿಡಿ. ಬಿಳಿಚಿಕೊಂಡವು ಫಲಿತವಾಗದ ಮೊಟ್ಟೆಗಳು, ಅವುಗಳಿಗೆ ಬೂಷ್ಟು ಹಿಡಿದು ಪಕ್ಕದವಕ್ಕೂ ಹರಡುತ್ತದೆ. ದಿನವೂ ಆರಿಸಿ ತೆಗೆಯಬೇಕು. ಚೆನ್ನಾಗಿರುವವು ಜೇನಿನ ಬಣ್ಣಕ್ಕೆ ತಿರುಗಿ ಮೂರರಿಂದ ಐದು ದಿನದಲ್ಲಿ ಒಡೆಯುತ್ತವೆ. ಎರಡು ದಿನ ಮರಿಗೆ ಹೊಟ್ಟೆಯಲ್ಲಿರುವ ಹಳದಿ ಭಂಡಾರವೇ ಊಟ. ಅನಂತರ ಮೈಕ್ರೋವರ್ಮ್ ಎಂಬ ಸಣ್ಣ ಹುಳು ಅಥವಾ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಮರಿ, ದಿನಕ್ಕೆ ಮೂರು ಸಲ, ಚಿಟಿಕೆಯಷ್ಟು. ನನ್ನ ಅನುಭವದಲ್ಲಿ ಮರಿಗಳು ಹಸಿವಿನಿಂದ ಸಾಯುವುದಕ್ಕಿಂತ ಉಳಿದ ಆಹಾರ ಕೊಳೆತು ಸಾಯುವುದೇ ಹೆಚ್ಚು. ಡಬ್ಬದ ಅರ್ಧ ನೀರನ್ನು ಪ್ರತಿದಿನ, ಅಷ್ಟೇ ಉಷ್ಣತೆಯ ನೀರಿನಿಂದ ಬದಲಿಸಿ.

ಉತ್ತರ 2 (ಸಾಗರದಿಂದ)

ಮೀನಿನ ಬಗ್ಗೆ ಮೇಲಿನವರು ವಿವರವಾಗಿ ಬರೆದಿದ್ದಾರೆ, ನಾನು ಗಿಡಗಳ ಬಗ್ಗೆ ಬರೆಯುತ್ತೇನೆ.

ತಮ್ಮ ಗಿಡಗಳು ಬಹುಶಃ ಸಾಯುತ್ತಿಲ್ಲ, ಎಲೆ ಬದಲಿಸುತ್ತಿವೆ. ಮಾರಾಟಕ್ಕೆ ಬರುವ ಹೆಚ್ಚಿನ ಅಕ್ವೇರಿಯಂ ಗಿಡಗಳನ್ನು ನರ್ಸರಿಗಳಲ್ಲಿ ಬೇರು ಮಾತ್ರ ನೀರಿನಲ್ಲಿದ್ದು ಎಲೆ ಗಾಳಿಯಲ್ಲಿರುವಂತೆ ಬೆಳೆಸುತ್ತಾರೆ. ಆ ಎಲೆಗಳನ್ನು ಪೂರ್ತಿ ಮುಳುಗಿಸಿದಾಗ ಅವು ಕರಗಿ, ನೀರಿನೊಳಗೆ ಬದುಕಬಲ್ಲ ತೆಳುವಾದ ಹೊಸ ಎಲೆಗಳು ಬುಡದಿಂದ ಬರುತ್ತವೆ. ಕ್ರಿಪ್ಟೊಕೊರೈನ್ ಅಂತೂ ಜಾಗ ಬದಲಿಸಿದರೂ, ನೀರು ಬದಲಿಸಿದರೂ ಕೋಪಗೊಂಡವರಂತೆ ಎಲ್ಲ ಎಲೆಗಳನ್ನೂ ಚೆಲ್ಲಿಬಿಡುತ್ತದೆ. ಕರಗಿದ ಎಲೆಯನ್ನು ಕತ್ತರಿಸಿ ತೆಗೆಯಿರಿ, ಬೇರನ್ನು ಮಾತ್ರ ಕೀಳಬೇಡಿ; ಒಂದು ತಿಂಗಳು ತಾಳಿ. ತಾವು ಎರಡು ವಾರಕ್ಕೆ ಕಿತ್ತೆಸೆದಿದ್ದರೆ, ಚಿಗುರುವ ಹೊತ್ತಿಗೆ ಸರಿಯಾಗಿ ಎಸೆದಂತಾಯಿತು.

ಜಾವಾ ಫರ್ನ್ ಮತ್ತು ಅನುಬಿಯಾಸ್ ವಿಷಯ ಬೇರೆ. ಇವುಗಳ ದಪ್ಪನೆಯ ಅಡ್ಡಕಾಂಡವನ್ನು, ಶುಂಠಿಯ ಗಡ್ಡೆಯಂತಿರುವ ಭಾಗವನ್ನು, ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಲ್ಲಿಗೋ ಕೊರಡಿಗೋ ಹತ್ತಿಯ ದಾರದಿಂದ ಕಟ್ಟಿ. ದಾರ ಲಡ್ಡಾಗುವಷ್ಟರಲ್ಲಿ ಬೇರು ತಾನೇ ಹಿಡಿದುಕೊಳ್ಳುತ್ತದೆ. ಕೋರಿಗಳಿರುವ ತೊಟ್ಟಿಗೆ ಇಂಥ ಗಿಡಗಳೇ ಸರಿ, ಏಕೆಂದರೆ ಅವು ಇಡೀ ದಿನ ಮೀಸೆ ಆಡಿಸುತ್ತ ಮರಳು ಕೆದಕಿ, ಹೊಸದಾಗಿ ನೆಟ್ಟದ್ದನ್ನೆಲ್ಲ ತೇಲಿಸಿಬಿಡುತ್ತವೆ. ಅಂದಹಾಗೆ, ತಳದಲ್ಲಿ ಚೂಪು ಜಲ್ಲಿ ಇದ್ದರೆ ತೆಗೆದು ನಯವಾದ ಮರಳು ಹಾಕಿ. ಜಲ್ಲಿಯ ಸಂದಿನಲ್ಲಿ ಕೊಳೆ ಕೂತು ಮೀಸೆಗಳು ಸವೆಯುತ್ತವೆ.

ಸಿಲಿಂಡರ್ ಬೇಡ. ಸಾಧಾರಣ ಎಲ್‌ಇಡಿ ದೀಪ ದಿನಕ್ಕೆ ಆರೇಳು ಗಂಟೆ ಸಾಕು, ಹತ್ತು ಗಂಟೆ ಉರಿಸಿದರೆ ಬೆಳೆಯುವುದು ಗಿಡವಲ್ಲ, ಪಾಚಿ. ವೇಗವಾಗಿ ಬೆಳೆಯುವ ಹೈಡ್ರಿಲ್ಲಾ ಅಥವಾ ವ್ಯಾಲಿಸ್ನೇರಿಯಾ ಸ್ವಲ್ಪ ಹಾಕಿದರೆ ಮೀನಿನ ಮಲದಿಂದ ಬರುವ ಅಮೋನಿಯಾ ಮತ್ತು ನೈಟ್ರೇಟ್‌ಗಳನ್ನು ಅವೇ ಹೀರುತ್ತವೆ. ಬೋರ್‌ವೆಲ್‌ನ ಗಡಸು ನೀರಿಗೂ ವ್ಯಾಲಿಸ್ನೇರಿಯಾ ಜಗ್ಗುವುದಿಲ್ಲ. ಒಂದು ಮೂಲೆಯಲ್ಲಿ ಜಾವಾ ಮಾಸ್ ದಟ್ಟವಾಗಿ ಬಿಡಿ, ಅದರ ಎಳೆಗಳಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು ಮರಿಗಳಿಗೆ ಬಿಟ್ಟಿ ಊಟ.

ನಮ್ಮ ಘಟ್ಟದಲ್ಲಿಯೇ ಕ್ರಿಪ್ಟೊಕೊರೈನ್ ರೆಟ್ರೋಸ್ಪೈರಾಲಿಸ್‌ನಂಥ ನೀರಗಿಡಗಳು ಹುಟ್ಟುತ್ತವೆ, ಲಗೆನಾಂಡ್ರ ಮೀಬೋಲ್ಡಿಯೈ ಎಂಬ ಘಟ್ಟದ ಗಿಡ ಈಗ ಹೊರದೇಶಗಳ ಅಕ್ವೇರಿಯಂಗಳಲ್ಲಿಯೂ ಇದೆ. ಹಾಗೆಂದು ಕಾಡಿನ ಹಳ್ಳದಿಂದ ಕಿತ್ತು ತರಬಾರದು, ಕೃಷಿ ಮಾಡಿದ ಗಿಡವನ್ನೇ ಕೊಳ್ಳಿ. ತೋಟದ ಕಾಲುವೆಯದೂ ಬೇಡ ಎನ್ನುವುದಕ್ಕೆ ನನ್ನದೇ ತಪ್ಪು ಸಾಕ್ಷಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಔಷಧಿ ಹೊಡೆದ ವಾರವೇ ನಮ್ಮ ತೋಟದ ಕಾಲುವೆಯಿಂದ ಒಂದು ಹಿಡಿ ಗಿಡ ತಂದು ಸರಿಯಾಗಿ ತೊಳೆಯದೆ ಹಾಕಿದೆ. ಎರಡು ದಿನದಲ್ಲಿ ತೊಟ್ಟಿಯ ಸೀಗಡಿಗಳೂ ಬಸವನಹುಳುಗಳೂ ಒಂದೂ ಉಳಿಯಲಿಲ್ಲ.

ಉತ್ತರ 3 (ಮಡಿಕೇರಿಯಿಂದ)

ತಣ್ಣೀರಿನ ಉಪಾಯದ ಬಗ್ಗೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ನಮ್ಮಲ್ಲಿ ಡಿಸೆಂಬರಿನಲ್ಲಿ ತೊಟ್ಟಿಯ ನೀರು ತಾನಾಗಿಯೇ 18 ಡಿಗ್ರಿಗೆ ಇಳಿಯುತ್ತದೆ. ಬರೀ ತಂಪೇ ಸಾಕಾಗಿದ್ದರೆ ಚಳಿಗಾಲವಿಡೀ ಮೊಟ್ಟೆ ಸಿಗಬೇಕಿತ್ತು. ಆರು ವರ್ಷದ ನನ್ನ ಪುಸ್ತಕದಲ್ಲಿ ಮೊಟ್ಟೆಯ ಲೆಕ್ಕವೆಲ್ಲ ಮೇ ಕೊನೆಯಿಂದ ಜುಲೈವರೆಗೆ, ಅದೂ ಮೋಡ ಕವಿದು ವಾಯುಭಾರ ಕುಸಿದ ದಿನಗಳಲ್ಲಿಯೇ ಇದೆ. ಆದ್ದರಿಂದ ತಾವು ನೀರು ಬದಲಿಸುವ ದಿನವನ್ನು ಮುಂಗಾರಿಗೆ ಹೊಂದಿಸಿ, ಮಳೆ ಬರುವ ಲಕ್ಷಣ ಇರುವ ಸಂಜೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಬಯಲಿಗೆ ಪಾತ್ರೆ ಇಟ್ಟು ಹಿಡಿದ ಮಳೆನೀರನ್ನು ಅರ್ಧಕ್ಕರ್ಧ ಬೆರೆಸಿದರೆ ಬೋರ್‌ವೆಲ್ ನೀರಿನ ಗಡಸೂ ಕಡಿಮೆಯಾಗುತ್ತದೆ. ಮೊದಲ ಎರಡು ಮೂರು ಮಳೆಯ ನೀರು ಮಾತ್ರ ಬೇಡ, ಗಾಳಿಯ ಧೂಳೆಲ್ಲ ಅದರಲ್ಲಿರುತ್ತದೆ.

ನಾನು ಸಾಕುವುದು ಪೆಪ್ಪರ್ಡ್ ಕೋರಿ, ಅಂದರೆ ಮೆಣಸಿನ ಚುಕ್ಕೆಯಂಥ ಕಪ್ಪು ಮಚ್ಚೆಗಳಿರುವುದು. ಡಾರ್ವಿನ್ ಬೀಗಲ್ ಹಡಗಿನ ಯಾನದಲ್ಲಿ ಸಂಗ್ರಹಿಸಿದ್ದ ಮೀನುಗಳಲ್ಲಿ ಇದೂ ಒಂದು, 1842ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಬಂತು. ಆ ಹೆಸರು 2024ರಲ್ಲಿ ಬದಲಾಗಿ, ಇದು ಹೋಪ್ಲಿಸೋಮ ಕುಲಕ್ಕೂ ತಮ್ಮ ಕಂಚುಬಣ್ಣದ್ದು ಓಸ್ಟಿಯೋಗ್ಯಾಸ್ಟರ್ ಕುಲಕ್ಕೂ ಹೋಗಿವೆ. ಅಂಗಡಿಗಳಲ್ಲಿ ಇನ್ನೂ ಕೋರಿಡೋರಾಸ್ ಎಂದೇ ಕೇಳಿ. ತಂಪಾದ ಊರಿನವರಿಗೆ ಇದು ಹೇಳಿ ಮಾಡಿಸಿದ ಮೀನು, ಮೈಸೂರಿನ ಬೇಸಿಗೆಗೆ ಕಂಚುಬಣ್ಣದ್ದೇ ವಾಸಿ.

ಉತ್ತರ 4 (ಮಂಗಳೂರಿನಿಂದ)

ಗಾಜಿನ ಪಾಚಿ ತಿನ್ನಲಿ ಎಂದು ಅಂಗಡಿಯವರು ತಮಗೆ "ಸಕ್ಕರ್ ಫಿಶ್" ಕೊಡಲು ಬಂದರೆ ದಯವಿಟ್ಟು ಬೇಡ ಎನ್ನಿ. ಬೆರಳುದ್ದ ಇರುವಾಗ ಚೆಂದ, ಆಮೇಲೆ ಅದು ಒಂದು ಅಡಿಯನ್ನೂ ಮೀರಿ ಬೆಳೆಯುತ್ತದೆ. ಸಾಕಲಾಗದವರು ಕೆರೆಗೆ ಬಿಟ್ಟು ಬಿಟ್ಟು ನಮ್ಮ ದೇಶದ ಅನೇಕ ಕೆರೆ ಹೊಳೆಗಳಲ್ಲಿ ಈಗ ಅದು ಸಂಸಾರ ಹೂಡಿದೆ. ಅದರ ಬದಲು ಬ್ರಿಸಲ್‌ನೋಸ್ ಕೇಳಿ, ಅದು ನಾಲ್ಕೈದು ಅಂಗುಲಕ್ಕೆ ನಿಲ್ಲುತ್ತದೆ, ನಮ್ಮ ಕರಾವಳಿಯ ಸೆಕೆಯನ್ನೂ ತಾಳುತ್ತದೆ. ಒಂದು ತೆಂಗಿನ ಗರಟೆಗೆ ತೂತು ಮಾಡಿ ಬೋರಲು ಹಾಕಿದರೆ ಗಂಡು ಅದರೊಳಗೆ ಸೇರಿಕೊಂಡು, ಕಿತ್ತಳೆ ಬಣ್ಣದ ಮೊಟ್ಟೆಗೊಂಚಲಿಗೆ ರೆಕ್ಕೆಯಿಂದ ಗಾಳಿ ಬೀಸುತ್ತ ಕಾವಲು ಕೂರುತ್ತದೆ, ನಾವು ಮಾಡಬೇಕಾದದ್ದು ಏನೂ ಇಲ್ಲ. ಕೊರಡಿನ ತುಂಡು ಒಂದು ಇರಲಿ, ಅದು ಅದನ್ನು ಕೆರೆದು ತಿನ್ನುತ್ತದೆ.

ಇನ್ನೊಂದು ಮಾತು: ಕೋರಿಗಳನ್ನು ಬಲೆಯಲ್ಲಿ ಹಿಡಿಯಬೇಡಿ. ಬೆನ್ನಿನ ಮತ್ತು ಪಕ್ಕದ ಮುಳ್ಳುಗಳನ್ನು ಅವು ಸೆಟೆಸಿ ನಿಲ್ಲಿಸಿದರೆ ಬಲೆಯ ದಾರ ಕತ್ತರಿಸದೆ ಬಿಡಿಸಲಾಗುವುದಿಲ್ಲ, ಕೈಗೆ ಚುಚ್ಚಿದರೆ ಉರಿಯುತ್ತದೆ. ಲೋಟವನ್ನೋ ಡಬ್ಬಿಯನ್ನೋ ಬಳಸಿ.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಮೇಲಿನಿಂದ ನೋಡಿದಾಗ ಆರರಲ್ಲಿ ನಾಲ್ಕು ಹೆಣ್ಣು ಎಂದು ತಿಳಿದದ್ದರಿಂದ ಇನ್ನೂ ಮೂರು ಸಪೂರದವನ್ನು ಆರಿಸಿ ತಂದೆ. ಜಲ್ಲಿ ತೆಗೆದು ಮರಳು ಹಾಕಿದೆ. ಎರೆಹುಳು ಕೊಚ್ಚುವುದಕ್ಕೆ ನಮ್ಮ ಮನೆಯವರು ಅಡುಗೆಮನೆಯ ಚಾಕು ಕೊಡಲು ಒಪ್ಪದೆ ಬೇರೆ ಚಾಕು ಕೊಳ್ಳಬೇಕಾಯಿತು. ಎರಡು ಸಲ ತಣ್ಣೀರು ಹಾಕಿದಾಗ ಏನೂ ಆಗಲಿಲ್ಲ. ಮೂರನೆಯ ಸಲ ಮಡಿಕೇರಿಯವರ ಮಾತಿನಂತೆ ಗುಡುಗು ಶುರುವಾದ ಸಂಜೆಯೇ ನೀರು ಬದಲಿಸಿದೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ದೀಪ ಹಾಕಿದಾಗ ಫಿಲ್ಟರಿನ ನೀರು ಬೀಳುವ ಕಡೆಯ ಗಾಜಿನ ಮೇಲೆ, ಸಬ್ಬಕ್ಕಿ ಅಂಟಿಸಿದಂತೆ, ಎಣಿಸಿ ಐವತ್ತೆರಡು ಮೊಟ್ಟೆಗಳಿದ್ದವು. ತಣ್ಣೀರೋ ಗುಡುಗೋ ಹೊಸ ಗಂಡುಗಳೋ, ಯಾವುದರಿಂದ ಎಂದು ಹೇಳಲಾರೆ.

ಕಾರ್ಡಿನಿಂದ ತೆಗೆಯುವಾಗ ಆರೇಳು ಒಡೆದವು, ಇಪ್ಪತ್ತಕ್ಕೂ ಹೆಚ್ಚು ಬಿಳಿಚಿಕೊಂಡವು. ಎರಡನೆಯ ರಾತ್ರಿ ಕರೆಂಟು ಮೂರು ಗಂಟೆ ಹೋಗಿ ಪಂಪು ನಿಂತಾಗ ಚಮಚದಿಂದ ನೀರು ಕಲಕುತ್ತ ಕುಳಿತಿದ್ದೆ, ಈಗ ಬ್ಯಾಟರಿಯ ಪಂಪ್ ತಂದಿದ್ದೇನೆ. ಒಡೆದು ಬಂದದ್ದು ಹತ್ತೊಂಬತ್ತು, ಇಂದಿಗೆ ಉಳಿದಿರುವುದು ಹನ್ನೊಂದು. ಬೀದಿಯ ಕಾಡುಬಾದಾಮಿ ಮರದ ಒಣಗಿದ ಎಲೆಯೊಂದನ್ನು ತೊಳೆದು ಡಬ್ಬದಲ್ಲಿ ಹಾಕಿದ್ದೇನೆ. ಹಗಲೆಲ್ಲ ಅದರ ಕೆಳಗೇ ಇರುತ್ತವೆ, ಮೈಕ್ರೋವರ್ಮ್ ಬಿಟ್ಟಾಗ ಮಾತ್ರ ಎಲೆಯಂಚಿನಿಂದ ಎಳ್ಳುಕಾಳಿನಷ್ಟು ತಲೆಗಳು ಹೊರಗೆ ಬರುತ್ತವೆ. ಕ್ರಿಪ್ಟೊಕೊರೈನ್ ಕಿತ್ತಿರಲಿಲ್ಲ. ಬುಡದಲ್ಲಿ ಎರಡು ಎಲೆ ಬಂದಿವೆ.