ಜುಲೈ 11ಕ್ಕೆ 20 ವರ್ಷ: ಲೋಕಲ್ ಸ್ಫೋಟದ ಸ್ಮರಣ ಸಭೆ ಹೇಗೆ ನಡೆಸಬೇಕು?

ಬೊರಿವಲಿ ಬಳಗ (ಪ್ರಶ್ನೆ)
ನಮಸ್ಕಾರ. 2006ರ ಜುಲೈ 11ರಂದು ಮುಂಬೈಯ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳಲ್ಲಿ ಆದ ಏಳು ಸ್ಫೋಟಗಳಿಗೆ 2026ರ ಜುಲೈಗೆ 20 ವರ್ಷ. ನಮ್ಮ ಕನ್ನಡ ಬಳಗದಲ್ಲಿ ಮನೆಯವರನ್ನು ಕಳೆದುಕೊಂಡವರೂ ಗಾಯಗೊಂಡು ಬದುಕಿದವರೂ ಇದ್ದಾರೆ. ಸಂಜೆ 6.24ಕ್ಕೆ ಮೌನ, ಅಂದಿನ ಟಿವಿ ದೃಶ್ಯ, ಗಣ್ಯರ ಭಾಷಣ, ಪಕ್ಕದಲ್ಲೇ ರಕ್ತದಾನ ಶಿಬಿರ ಎಂದು ಸಮಿತಿ ಯೋಚಿಸಿದೆ. ಆದರೆ ಕೆಲವು ಮನೆಗಳವರು ಬರುವುದಿಲ್ಲ ಎನ್ನುತ್ತಿದ್ದಾರೆ. ಎಲ್ಲಿ ಎಡವುತ್ತಿದ್ದೇವೆ?

ಮಾಟುಂಗ ಸಭಾಗೃಹ
ಮೊದಲು ಹೊತ್ತು ಬದಲಿಸಿ. ಸ್ಫೋಟಗಳಾದದ್ದು 6.24ರಿಂದ 6.35ರ ನಡುವೆ. ಅದೇ ಹೊತ್ತಿಗೆ, ಅದೇ ಮಳೆಗಾಲದಲ್ಲಿ, ಅದೇ ಲೈನಿನ ಗಾಡಿ ಹತ್ತಿ ಬನ್ನಿ ಎಂದು ಆ ಮನೆಯವರನ್ನು ಕರೆದಂತಾಯಿತು. 2026ರ ಜುಲೈ 11 ಶನಿವಾರ, ಬೆಳಿಗ್ಗೆ 11ಕ್ಕೆ ಇಟ್ಟುಕೊಳ್ಳಿ. ಸಂಜೆ ಅವರಿಗೇ ಇರಲಿ; ಮನೆಯಲ್ಲಿ ದೀಪ ಹಚ್ಚುವವರು ಹಚ್ಚಲಿ, ಸ್ಫೋಟವಾದ ಜಾಗಗಳಲ್ಲೊಂದಾದ ಮಾಹಿಮ್ ಸ್ಟೇಷನ್ನಿಗೆ ಹೋಗುವವರು ಹೋಗಲಿ.

ಟಿವಿ ದೃಶ್ಯ ಖಂಡಿತ ಬೇಡ. ಸೀಳಿದ ಬೋಗಿಯ ಚಿತ್ರವನ್ನು ಬ್ಯಾನರಿಗೂ ಹಾಕಬೇಡಿ.

ಆಹ್ವಾನ ವಾಟ್ಸಾಪ್ ಗುಂಪಿನಲ್ಲಿ ಹೋಗಬಾರದು. ಮನೆಗೊಬ್ಬರಂತೆ, ಪರಿಚಯ ಇರುವವರೇ ಫೋನ್ ಮಾಡಿ ಮೂರು ವಿಷಯ ಕೇಳಲಿ: ಹೆಸರು ಓದಬಹುದೇ, ಫೋಟೊ ಇಡಬಹುದೇ, ಪತ್ರಿಕೆಯವರು ಬಂದರೆ ಅಡ್ಡಿಯಿಲ್ಲವೇ. ಬೇಡ ಎಂದರೆ ಕಾರಣ ಕೇಳಬಾರದು. ಹೆಸರಿನ ಪಟ್ಟಿಯಲ್ಲಿ ತಪ್ಪು ನುಸುಳುವುದು ಸುಲಭ, ಏಕೆಂದರೆ ಇಲ್ಲಿನ ಕಾಗದಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಇರುತ್ತದೆ. ನಮ್ಮವರಲ್ಲಿ ಇನಿಶಿಯಲ್ ಮುಂದೆ ಬರುತ್ತದೆ, ಊರ ಹೆಸರೂ ಸೇರಿರುತ್ತದೆ. ಓದುವ ಹಾಳೆಯನ್ನು ಮನೆಯವರಿಗೆ ಕಳಿಸಿ, ಅವರು ಸರಿ ಎಂದ ಮೇಲೆಯೇ ಅಚ್ಚು ಹಾಕಿಸಿ. ಸತ್ತವರು ಎಲ್ಲ ಧರ್ಮದವರು, ಹಾಗಾಗಿ ಅಕಾರಾದಿ ಕ್ರಮವೇ ಸರಿ. 189 ಹೆಸರನ್ನೂ ಓದುವುದಾದರೆ ಹೆಸರಿಗೆ ಐದು ಸೆಕೆಂಡಿನಂತೆ ಹದಿನಾರು ನಿಮಿಷ ಬೇಕು. ಅಷ್ಟು ಹೊತ್ತನ್ನು ಭಾಷಣದಿಂದ ಕಡಿತಗೊಳಿಸಿ.

ಮಾತಾಡುವವರು 'ಮುಂಬೈ ಸ್ಪಿರಿಟ್' ಎಂದು ಹೊಗಳುವುದನ್ನು ಬಿಡಲಿ. ಮರುದಿನ ಜನ ಗಾಡಿ ಹತ್ತಿದ್ದು ಹೊಟ್ಟೆಪಾಡಿಗೆ. ನೆನೆಯಬೇಕಾದದ್ದು ಹಳಿಯ ಪಕ್ಕದ ವಠಾರಗಳವರನ್ನು: ಮನೆಯಿಂದ ಬೆಡ್‌ಶೀಟ್ ತಂದು, ನಾಲ್ಕು ಮೂಲೆ ಹಿಡಿದು, ಗಾಯಾಳುಗಳನ್ನು ರಸ್ತೆಗೆ ಹೊತ್ತು ತಂದವರು ಅವರು.

ಆಪ್ತಸಮಾಲೋಚಕಿ, ಅಂಧೇರಿ
ಅಣ್ಣ ಹೇಳಿದ್ದಕ್ಕೆ ಸಭಾಂಗಣದ ಒಳಗಿನ ಒಂದೆರಡು ಸಂಗತಿ ಸೇರಿಸುತ್ತೇನೆ. ಸ್ಫೋಟದ ಒತ್ತಡಕ್ಕೆ ಮೊದಲು ಹರಿಯುವುದು ಕಿವಿಯ ತಮಟೆ. ಬದುಕಿದವರಲ್ಲಿ ಕಿವಿ ಮಂದವಾದವರು, ಸದಾ ಗುಂಯ್‌ಗುಡುವ ಸದ್ದು ಉಳಿದವರು ಇರುತ್ತಾರೆ. ಮೈಕ್ 'ಕುಂಯ್' ಎಂದರೆ ಅವರಿಗೆ ಚುಚ್ಚಿದಂತಾಗುತ್ತದೆ. ಮೈಕನ್ನು ಸ್ಪೀಕರಿನ ಮುಂದೆ ಇಡಬೇಡಿ, ಜನ ಬರುವ ಮೊದಲೇ ಧ್ವನಿ ಪರೀಕ್ಷೆ ಮುಗಿಸಿ. ಮೌನಕ್ಕೆ ಸೈರನ್ ಬೇಡ, ಒಬ್ಬರು ಎದ್ದು ನಿಂತು ಹೇಳಿದರೆ ಸಾಕು. ಅಡುಗೆಮನೆಯ ಕುಕ್ಕರ್ ಸೀಟಿ ಸಭೆಗೆ ಕೇಳದಿರಲಿ. ಬಾಂಬ್ ಇಟ್ಟಿದ್ದು ಪ್ರೆಷರ್ ಕುಕ್ಕರಿನಲ್ಲಿ ಎಂದು ಆಗ ಎಲ್ಲ ಕಡೆ ವರದಿಯಾಗಿತ್ತು. ಬದುಕಿದವರಿಗೆ ಬಾಗಿಲ ಹತ್ತಿರದ ಕುರ್ಚಿ ಕೊಡಿ, ನಡುವೆ ಎದ್ದು ಹೋದರೆ ತಡೆಯಬೇಡಿ.

ಯಾರ ಕೈಗೂ ಏಕಾಏಕಿ ಮೈಕ್ ಕೊಟ್ಟು 'ಅನುಭವ ಹೇಳಿ' ಎನ್ನಬಾರದು. ಒತ್ತಾಯದಿಂದ ಹೇಳಿಸಿದರೆ ಮನಸ್ಸು ಹಗುರಾಗುವುದಿಲ್ಲ, ಗಾಯ ಮತ್ತೆ ಹಸಿಯಾಗಬಹುದು. ಯಾರಿಗಾದರೂ ಎದೆ ಬಡಿತ ಏರಿ ಉಸಿರು ಸಿಕ್ಕಿದಂತಾದರೆ ಒಬ್ಬರು ಮಾತ್ರ ಜತೆಗೆ ಹೊರಗೆ ಕರೆದುಕೊಂಡು ಹೋಗಿ ಕೂರಿಸಿ. ಪಾದ ನೆಲಕ್ಕೆ ಊರಲಿ, ಎಲ್ಲಿದ್ದೇವೆ, ಇವತ್ತು ಯಾವ ದಿನ ಎಂದು ಮೆಲ್ಲಗೆ ಹೇಳಿ. ಎದೆನೋವು ಎಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹಾಳೆಯ ಕೆಳಗೆ ದೊಡ್ಡದಾಗಿ ಅಚ್ಚು ಹಾಕಿಸಿ.

ವಕೀಲ, ದಾದರ್
ತೀರ್ಪಿನ ಮಾತು ಬಂದೇ ಬರುತ್ತದೆ. 2015ರಲ್ಲಿ ವಿಶೇಷ ನ್ಯಾಯಾಲಯ 12 ಜನರನ್ನು ತಪ್ಪಿತಸ್ಥರೆಂದಿತು, 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಮೂರು ದಿನದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತಡೆಯ ಅರ್ಥ ಇಷ್ಟೇ: ಆ ತೀರ್ಪನ್ನು ಬೇರೆ ಪ್ರಕರಣಗಳಲ್ಲಿ ಪೂರ್ವನಿದರ್ಶನವಾಗಿ ಬಳಸುವಂತಿಲ್ಲ. ಬಿಡುಗಡೆಯಾದವರು ಜೈಲಿಗೆ ಮರಳಬೇಕಿಲ್ಲ. 'ಮತ್ತೆ ಶಿಕ್ಷೆ ಆಯಿತು' ಎಂದು ವೇದಿಕೆಯಲ್ಲಿ ಯಾರೂ ಹೇಳದಿರಲಿ, ಒಂದು ಸಮುದಾಯದ ಕಡೆ ಬೆರಳು ತೋರಿಸುವುದಂತೂ ಬೇಡವೇ ಬೇಡ.

ಪರಿಹಾರದ ಬಗ್ಗೆಯೂ ಸುಳ್ಳು ಆಸೆ ಹುಟ್ಟಿಸಬೇಡಿ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲು ಒಂದು ವರ್ಷದ ಗಡುವು. ತಕ್ಕ ಕಾರಣವಿದ್ದರೆ ವಿಳಂಬ ಮನ್ನಿಸುವ ಅಧಿಕಾರ ಅದಕ್ಕಿದೆ, ಆದರೆ 20 ವರ್ಷದ ವಿಳಂಬ ದಾಟುವುದು ಬಹಳ ಕಷ್ಟ. ಕಾಗದ ಹಿಡಿದು ಬಂದವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ.

ಬೊರಿವಲಿ ಬಳಗ
ಹೊತ್ತು ಬದಲಿಸುತ್ತೇವೆ, ದೃಶ್ಯ ಕೈಬಿಟ್ಟೆವು. ಹಾಗಾದರೆ ರಕ್ತದಾನವೂ ಬೇಡವೇ?

ರಕ್ತನಿಧಿ ಸ್ವಯಂಸೇವಕ
ಬೇಕು, ಆದರೆ ಬೇರೆ ದಿನ, ಬೇರೆ ಜಾಗದಲ್ಲಿ. ರಕ್ತದ ಚೀಲ, ಸೂಜಿ, ಮಂಚಗಳ ನಡುವೆ ಹಾದು ಸಭೆಗೆ ಬರುವಂತಾಗಬಾರದು. ಮಳೆಗಾಲದಲ್ಲಿ ಬೇಡಿಕೆಯೂ ಹೆಚ್ಚು. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಐದೇ ದಿನ ಉಳಿಯುತ್ತದೆ, ಆದ್ದರಿಂದ ನೂರು ಜನ ಒಂದೇ ದಿನ ಕೊಡುವುದಕ್ಕಿಂತ ವಾರಕ್ಕೆ ಇಪ್ಪತ್ತೈದರಂತೆ ನಾಲ್ಕು ಶಿಬಿರ ಒಳ್ಳೆಯದು. ತೂಕ ಕನಿಷ್ಠ 45 ಕಿಲೊ, ವಯಸ್ಸು 18 ದಾಟಿರಬೇಕು. ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಮಲೇರಿಯಾ ವಾಸಿಯಾಗಿ ಮೂರು ತಿಂಗಳಾಗದವರನ್ನು ನೋಂದಣಿ ಮೇಜಿನಲ್ಲೇ ಕೇಳಿ ವಾಪಸ್ ಕಳಿಸಿ.

ಅದೇ ಶಿಬಿರದಲ್ಲಿ ರಕ್ತಸ್ರಾವ ತಡೆಯುವುದನ್ನೂ ಕಲಿಸಿ. ಬಟ್ಟೆ ಇಟ್ಟು ಎರಡೂ ಕೈಯಿಂದ ಬಲವಾಗಿ ಒತ್ತಬೇಕು, ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬಾರದು. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲಲ್ಲ, ದುಪಟ್ಟಾದಂಥ ಅಗಲ ಬಟ್ಟೆ ಕಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಚಬೇಕು. ತೆಳ್ಳನೆ ಹಗ್ಗ ಬೇಡ, ಮಾಂಸ ಕೊಯ್ಯುತ್ತದೆ. ಕಟ್ಟಿದ ಗಂಟೆಯನ್ನು ಗಾಯಾಳುವಿನ ಮೈಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ.